ಮಿನಾಳ ಮರದ ಮಣ್ಣು

ಒರಿಲ್ಲಾ ಲೈಬರ್ಡಳ ಮನೆ ಸುತ್ತಿದಷ್ಟು ನೀವಿಸ್ ದ್ವೀಪವನ್ನು ನಮ್ಮ ಊರಿನ ಎಷ್ಟೋ ಗಂಡಸರು ಸುತ್ತಿಲ್ಲ.

ಹಲಗೆಯ ಮನೆ ಅದು. ಮೂಲೆಮೂಲೆಗೆ ಕಲ್ಲು ಪೇರಿಸಿ ಮೇಲೆ ಕೂರಿಸಿದ್ದು, ಅಷ್ಟೇ. ಮನೆ ನಿನ್ನದು, ಕೆಳಗಿನ ನೆಲ ತೋಟದ ಧಣಿಯದು. ಧಣಿಗೆ ಆ ಜಾಗದಲ್ಲಿ ಹತ್ತಿ ಹಾಕುವ ಮನಸ್ಸಾದರೆ, ಇಲ್ಲವೇ ನಿನ್ನ ಮುಖ ಸಾಕೆನಿಸಿದರೆ, ‘ಎತ್ತು’ ಅನ್ನುತ್ತಾನೆ. ಆಗ ನೆರೆಹೊರೆಯವರೆಲ್ಲ ಕೈಜೋಡಿಸಿ ಮನೆಯನ್ನು ಇಡಿಯಾಗಿ ಲಾರಿಗೆ ಏರಿಸಿ ಇನ್ನೊಂದು ಕಡೆ ಇಳಿಸುತ್ತಾರೆ. ಕೆಲಸ ಮುಗಿದ ಮೇಲೆ ಮೇಕೆ ಸಾರು, ರಮ್ಮು, ಹಾಡು. ಹೊರಗಿನವರು ನೋಡಿದರೆ ಹಬ್ಬ ಅಂದುಕೊಳ್ಳಬೇಕು.

ಒರಿಲ್ಲಾಳ ಮನೆ ಹೀಗೆ ಲಾರಿ ಮೇಲೆ ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಕಿಟಕಿಯ ಪರದೆಯನ್ನು ಬಿಚ್ಚಿರಲಿಲ್ಲ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಲಾರಿಯ ಹಿಂದೆ ಅವಳು ಇದ್ದಿಲ ಒಲೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಳು. ರಮ್ಮಿನಂಗಡಿಯ ಜಗಲಿಯಿಂದ ಯಾರೋ ರೇಗಿಸಿದರು.

“ಏನೇ ಒರಿಲ್ಲಾ, ಮನೆ ನಿನ್ನ ಬಿಟ್ಟು ಓಡಿಹೋಗ್ತಾ ಇದೆಯಲ್ಲೇ!”

“ಹೋಗ್ಲಿ ಬಿಡಪ್ಪ. ಗಂಡನೂ ಹೀಗೇ ಹೋದ. ಇದು ಎಲ್ಲಿಗೆ ಹೋಗ್ತಿದೆ ಅಂತ ಆದ್ರೂ ಗೊತ್ತಿದೆ.”

ನಾನು ಟೀಸ್ಡೇಲ್, ಊರವರ ಬಾಯಲ್ಲಿ ಟೀಸಿ. ಹಡಗುಕಟ್ಟೆಯಲ್ಲಿ ಇಳಿದ ಪ್ರವಾಸಿಗರನ್ನು ವ್ಯಾನಿಗೆ ತುಂಬಿಕೊಂಡು ಹಳೆಯ ಸಕ್ಕರೆ ತೋಟಗಳ ಪಾಳುಗೋಡೆ ತೋರಿಸುವುದು ನನ್ನ ಹೊಟ್ಟೆಪಾಡು. ಒರಿಲ್ಲಾ ನನಗೆ ರಕ್ತಸಂಬಂಧವಲ್ಲ. ಅವಳ ಮನೆ ಸ್ವಲ್ಪ ಕಾಲ ನಮ್ಮಮ್ಮನ ಮನೆಯ ಪಕ್ಕದಲ್ಲಿ ನಿಂತಿತ್ತು, ಹಾಗಾಗಿ ಟಾಂಟಿ. ಟಾಂಟಿ ಅಂದರೆ ಚಿಕ್ಕಮ್ಮನ ಸಲುಗೆ, ಅಜ್ಜಿಯ ಗದರಿಕೆ, ಎರಡೂ ಅನುಭವಿಸಬೇಕು.

ಮಗುವಿನ ಹೊಕ್ಕುಳಬಳ್ಳಿ ಉದುರಿದ ಮೇಲೆ ನಾವು ಅದನ್ನು ಮಣ್ಣಿನಲ್ಲಿ ಹೂತು ಮೇಲೊಂದು ಸಸಿ ನೆಡುತ್ತೇವೆ. ತೆಂಗೋ ಮಾವೋ ದೀವಿಹಲಸೋ, ಯಾವುದಾದರೂ ಸರಿ. ಆ ಮರ ಆ ಮಗುವಿನದು. ಕಾಯಿ ಕೀಳಬೇಕಾದರೆ ಹೆತ್ತವಳೂ ಕೇಳಿಯೇ ಕೀಳಬೇಕು. ಲಂಡನ್ನಿನಲ್ಲಿ ಮುದುಕನಾದವನನ್ನು ‘ಎಲ್ಲಿಯವನಯ್ಯಾ’ ಎಂದು ಕೇಳಿ ನೋಡಿ, ‘ನನ್ನ ಹೊಕ್ಕುಳಬಳ್ಳಿ ನೀವಿಸ್ಸಿನ ಜಿಂಜರ್‌ಲ್ಯಾಂಡಿನಲ್ಲಿದೆ’ ಅನ್ನುತ್ತಾನೆ. ಅಷ್ಟರ ಮೇಲೆ ಮಾತಿಲ್ಲ.

ಟಾಂಟಿಗೆ ಮಗಳು ಹುಟ್ಟಿದಾಗ ಎದ್ದ ಪ್ರಶ್ನೆಯೂ ಅದೇ. ಎಲ್ಲಿ ನೆಡುವುದು? ಮನೆಯನ್ನು ಲಾರಿಗೆ ಏರಿಸಬಹುದು, ಮರವನ್ನು ಏರಿಸಲಾಗುವುದಿಲ್ಲ. ಇವತ್ತು ಅಂಗಳದಲ್ಲಿ ನೆಟ್ಟರೆ ನಾಳೆ ಧಣಿ ಎತ್ತು ಅಂದಾಗ ಮಗುವಿನ ಮರ ಬೇರೆಯವರ ಪಾಲು. ಅವಳ ಸ್ವಂತ ಹೊಕ್ಕುಳಬಳ್ಳಿಯ ತೆಂಗು ಹಾಗೇ ಯಾರದೋ ಹತ್ತಿ ಹೊಲದಲ್ಲಿ ಕಡಿದು ಹೋಗಿತ್ತು. ಯೋಚನೆ ಮಾಡಿ ಮಾಡಿ ಕೊನೆಗೆ ಅವಳು ಗುಡ್ಡದ ಮೇಲಿನ ಹಾರ್ಡ್‌ವಿನ್ ತೋಟದ ಆಲೆಮನೆಯನ್ನು ಆರಿಸಿದಳು.

ಆಗ ಅದು ಆಲೆಮನೆಯ ಹೆಣ. ಗಾಳಿಗಾಣದ ಗೋಪುರಕ್ಕೆ ರೆಕ್ಕೆ ಇರಲಿಲ್ಲ. ಕಬ್ಬಿನ ಹಾಲು ಕಾಯಿಸುತ್ತಿದ್ದ ಕೊಪ್ಪರಿಗೆ ಮನೆಗೆ ಮಾಡು ಇರಲಿಲ್ಲ, ನಾಲ್ಕು ದಪ್ಪ ಕಲ್ಲಿನ ಗೋಡೆ ಮಾತ್ರ. ಒಳಗೆ ಮುಳ್ಳು, ಹಾವಸೆ, ಮೇಕೆ ಹಿಕ್ಕೆ. ಊರವರು ಆ ಕಡೆ ತಿರುಗಿ ಉಗುಳುತ್ತಲೂ ಇರಲಿಲ್ಲ. ಸೂಲಗಿತ್ತಿ ಮದರ್ ಪ್ಯಾರಿಸ್ ಬೈದಳಂತೆ.

“ತಲೆ ಕೆಟ್ಟಿದೆಯೇನೇ? ಆ ಗೋಡೆ ಒಳಗೆ ನಮ್ಮೋರು ಗುಲಾಮರಾಗಿ ದುಡಿದು ಬೆಂದು ಸತ್ತಿದಾರೆ. ಕತ್ತಲಾದ್ರೆ ಈಗ್ಲೂ ಕೊಪ್ಪರಿಗೆ ಕಲಕೋ ಸದ್ದು ಕೇಳುತ್ತೆ. ದೆವ್ವ, ಜಂಬಿಗಳು ತಿರುಗೋ ಜಾಗ ಅದು.”

“ತಿರುಗ್ಲಿ ಮದರ್. ಜಂಬಿಗಳು ಮನೆ ಎತ್ತು ಅನ್ನಲ್ಲ. ಸತ್ತೋರು ನಮ್ಮೋರೇ ತಾನೆ, ಮಗೂನ ಕಾಯ್ತಾರೆ.”

“ಅಯ್ಯೋ, ಬಾಯಿಗೊಂದು ಬೀಗ ಇಲ್ಲ ನಿಂಗೆ.”

ಬಾಣಂತಿ ಹೊರಗೆ ಬರುವ ದಿನ ಟಾಂಟಿ ದೀವಿಹಲಸಿನ ಒಂದು ಬೇರುಮೊಳಕೆ ಹಿಡಿದು ಗುಡ್ಡ ಹತ್ತಿದಳು. ಸೂಲಗಿತ್ತಿ ಗೊಣಗುತ್ತಲೇ ಹಿಂದೆ ಹೋದಳು. ಕೊಪ್ಪರಿಗೆ ಮನೆಯ ಮೂಲೆಯಲ್ಲಿ, ಗೋಡೆಯ ಮರೆಯಲ್ಲಿ ಅಗೆದರು. ಮೇಕೆಗೆ ಎಟುಕಬಾರದು, ಗಾಳಿ ಬೀಸಿ ಮುರಿಯಬಾರದು ಎಂದು ಗೋಡೆಗೆ ಒತ್ತಿಯೇ ನೆಟ್ಟರು. ಹೊಕ್ಕುಳಬಳ್ಳಿ ಅದರಡಿ ಹೋಯಿತು. ಮಗುವಿಗೆ ಎರ್ಮಿನಾ ಎಂದು ಹೆಸರಾಯಿತು, ಕರೆಯಲು ಮಿನಾ.

ಅವಳು ಎಡವಿದ್ದು ಇಲ್ಲೇ. ಸ್ವಂತ ನೆಲವಿಲ್ಲದವರು ಮಾತ್ರ ಮಾಡುವ ತಪ್ಪು ಇದು. ಇವತ್ತು ಯಾರಿಗೂ ಬೇಡದ ಜಾಗ ಯಾವತ್ತೂ ಯಾರಿಗೂ ಬೇಡ ಎಂದು ಅವಳು ನಂಬಿದಳು. ಯಾರು ತಾನೇ ನಂಬುತ್ತಿರಲಿಲ್ಲ? ಪಾಳುಗೋಡೆ ನೋಡಲು ಜನ ಹಡಗು ಹತ್ತಿ ಬರುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ, ಅವನ ತಲೆಗೆ ತಣ್ಣೀರು ತಟ್ಟುತ್ತಿದ್ದೆವು.

ಮರ ಬೆಳೆಯಿತು, ಮಿನಾ ಬೆಳೆದಳು. ದೀವಿಹಲಸಿನ ಅಗಲ ಎಲೆಗಳು ಆ ಮೊಂಡು ಗೋಡೆಗಳಿಗೆ ಮಾಡು ಹೊದಿಸಿದವು. ಮರದ ಒಡತಿ ಸಾಮಾನ್ಯಳಲ್ಲ. ನಾನು ಅವಳಿಗಿಂತ ಸ್ವಲ್ಪ ಚಿಕ್ಕವನು, ಅಮ್ಮ ಕಾಯಿಗೆ ಕಳಿಸುತ್ತಿದ್ದದ್ದು ನನ್ನನ್ನೇ. ಅವಳು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು.

“ಕಾಯಿ ಬೇಕಾ ಟೀಸಿ? ಹುಂಜದ ಥರ ಕೂಗು.”

“ನಿನ್ನೆ ಕೂಗಿದ್ನಲ್ಲ!”

“ನಿನ್ನೆ ಕೂಗಿದ್ದು ನಿನ್ನೆ ಕಾಯಿಗೆ. ಜೋರಾಗಿ ಕೂಗು, ಚರ್ಚಿನ ತನಕ ಕೇಳ್ಬೇಕು.”

ಕೂಗುತ್ತಿದ್ದೆ. ಮರ್ಯಾದೆ ಹೋದರೆ ಹೋಗಲಿ, ಕೆಂಡದಲ್ಲಿ ಸುಟ್ಟ ದೀವಿಹಲಸು, ಉಪ್ಪುಮೀನು ಸಿಗುತ್ತದಲ್ಲ. ಈಗಲೂ ಎಲ್ಲಾದರೂ ಆ ಸುಟ್ಟ ವಾಸನೆ ಮೂಗಿಗೆ ಬಡಿದರೆ ನನ್ನ ಗಂಟಲು ಕೂಗಲು ಸಿದ್ಧವಾಗುತ್ತದೆ. ಆಮೇಲೆ ನೆನಪಾಗುತ್ತದೆ.

ಹದಿನೇಳರ ಹುಡುಗಿ ಮಿನಾ ತನ್ನ ಮರದ ಕಾಯಿಗಳನ್ನೇ ಬುಟ್ಟಿಯಲ್ಲಿ ತುಂಬಿಕೊಂಡು ಎದುರಿನ ಸೇಂಟ್ ಕಿಟ್ಸ್ ದ್ವೀಪದ ಸಂತೆಗೆ ಹಾಯಿದೋಣಿ ಹತ್ತಿದಳು. ನಡುನೀರಿನಲ್ಲಿ ಬಿರುಗಾಳಿ ಎದ್ದಿತು. ದೋಣಿಯ ಗಂಡಸರು ಹಲಗೆ ಹಿಡಿದು ಬದುಕಿಕೊಂಡರು. ಮಾರನೆಯ ದಿನ ಅವಳ ಬುಟ್ಟಿಯ ದೀವಿಹಲಸುಗಳು ಒಂದೊಂದಾಗಿ ತೇಲಿಕೊಂಡು ನಮ್ಮ ದಡಕ್ಕೆ ಬಂದವು. ಅವಳು ಬರಲಿಲ್ಲ.

ಟಾಂಟಿ ಮರಳಿನ ಮೇಲೆ ಕೂತು ಆ ಕಾಯಿಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದದ್ದನ್ನು ನಾನು ನೋಡಿದೆ. ನೋಡಬಾರದಿತ್ತು. ಪಾದ್ರಿ ನೀರಿನ ಕಡೆ ಮುಖ ಮಾಡಿ ಪ್ರಾರ್ಥನೆ ಹೇಳಿದರು. ಸಮುದ್ರವೇ ಅವಳ ಸಮಾಧಿ ಎಂದುಕೋ ಮಗಳೇ ಅಂದರು. ಟಾಂಟಿ ತಲೆಯಾಡಿಸಲಿಲ್ಲ.

“ಸಮುದ್ರಕ್ಕೆ ಬಾಗಿಲಿಲ್ಲ ಪಾದ್ರಿಗಳೇ. ನಾನು ಎಲ್ಲಿ ಹೋಗಿ ತಟ್ಲಿ?”

ತಟ್ಟಲು ಅವಳಿಗೆ ಉಳಿದದ್ದು ಒಂದೇ ಜಾಗ. ಮಗಳ ಮೈಯದು ಎಂದು ಮಣ್ಣಿಗೆ ಸೇರಿದ್ದು ಆ ಒಂದು ತುಂಡು ಬಳ್ಳಿ, ಅದು ಆ ಮರದ ಬುಡದಲ್ಲಿ. ಕ್ರಿಸ್‌ಮಸ್ಸಿಗೆ ಮುಂಚೆ ನಾವೆಲ್ಲ ನಮ್ಮ ಹಿರಿಯರ ಸಮಾಧಿಗೆ ಸುಣ್ಣ ಬಳಿಯುತ್ತೇವೆ, ಅವಳು ಗುಡ್ಡ ಹತ್ತಿ ಮರದ ಬುಡಕ್ಕೆ ಬಳಿದಳು. ಆ ವರ್ಷ, ಅದರ ಮುಂದಿನ ವರ್ಷ, ಹೀಗೇ ತಲೆ ನೆರೆಯುವವರೆಗೂ. ಕಾಯಿ ಬೇಕಾದವರು ಈಗ ಅವಳನ್ನು ಕೇಳುತ್ತಿದ್ದರು. ಅವಳು ಮರದ ಕಡೆ ತಿರುಗಿ ಮೆಲ್ಲಗೆ ಏನೋ ಅಂದು, ‘ಹೂಂ, ತಗೋ ಅಂದ್ಲು’ ಅನ್ನುತ್ತಿದ್ದಳು. ನಮ್ಮಲ್ಲಿ ಯಾರೂ ನಗುತ್ತಿರಲಿಲ್ಲ.

ಕಬ್ಬು ಹೋಯಿತು, ಹತ್ತಿಯೂ ಹೋಯಿತು. ಧಣಿಗಳ ಮಕ್ಕಳು ನೆಲ ಮಾರಿ ಹೋದರು. ಆಮೇಲೆ ಬಂದದ್ದು ಹಡಗು, ಹಡಗಿನ ತುಂಬ ಜನ. ಅವರಿಗೆ ಕಡಲು ಸಾಲದು, ಬಿಸಿಲು ಸಾಲದು, ಚರಿತ್ರೆಯೂ ಬೇಕಂತೆ. ಹಳೆಯ ಕಲ್ಲುಗಳನ್ನು ಕಾಯಲು ಒಂದು ಕಚೇರಿ ಹುಟ್ಟಿಕೊಂಡಿತು. ಹಾರ್ಡ್‌ವಿನ್ ಆಲೆಮನೆಯ ಮುಳ್ಳು ಸವರಿ, ದಾರಿ ಮಾಡಿ, ಬಣ್ಣದ ಹಲಗೆ ನೆಟ್ಟರು. ನಾನೂ ಗಾಳಿ ಬಂದಾಗ ತೂರಿಕೊಳ್ಳುವವನೇ, ವ್ಯಾನು ಕೊಂಡೆ.

ಏನೇನು ಜನ! ಮದುಮಕ್ಕಳು ಬಿಳಿ ಬಟ್ಟೆ ಉಟ್ಟು ಗಾಣದ ಮುಂದೆ ಮುತ್ತಿಡುತ್ತಾರೆ. ಕೊಪ್ಪರಿಗೆಯಲ್ಲಿ ಹೂವಿನ ಗಿಡ ನೆಟ್ಟಿದ್ದಾರೆ. ಒಬ್ಬಾಕೆ ಕಣ್ಣು ಮುಚ್ಚಿ ನಿಂತು, ‘ಇಲ್ಲಿ ಎಷ್ಟೊಂದು ಶಾಂತಿ’ ಅಂದಳು. ಹೌದಮ್ಮ, ಕಿರುಚುತ್ತಿದ್ದವರೆಲ್ಲ ಸತ್ತುಹೋದರು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊಟ್ಟೆಪಾಡು ನೋಡಿ, ನೀರಿನ ಬಾಟಲಿ ಕೊಟ್ಟೆ.

ಮೊದಮೊದಲು ಟಾಂಟಿಗೆ ಇದರಿಂದ ಕೇಡೇನೂ ಆಗಲಿಲ್ಲ. ಮರದ ನೆರಳಲ್ಲಿ ಮೇಜು ಹಾಕಿಕೊಂಡು ಹುಣಸೆ ಉಂಡೆ, ಶುಂಠಿ ಪಾನಕ ಮಾರಿದಳು. ಕಚೇರಿಯಿಂದ ಬಂದು ಜಾಗ ನೋಡಿಕೊಳ್ಳುತ್ತಿದ್ದವಳು ಜನೀಲ್, ಅದೇ ಸೂಲಗಿತ್ತಿ ಮದರ್ ಪ್ಯಾರಿಸಳ ಮೊಮ್ಮಗಳು. ಓದಿ ಬಂದವಳಾದರೂ ಹಮ್ಮು ಇಲ್ಲದ ಹುಡುಗಿ, ಟಾಂಟಿಯ ಪಾನಕಕ್ಕೆ ದಿನದ ಗಿರಾಕಿ. ಮರದ ಸುತ್ತ ಹಗ್ಗ ಕಟ್ಟಿಸಿ, ಯಾರೂ ಬುಡ ತುಳಿಯದ ಹಾಗೆ ನೋಡಿಕೊಂಡವಳೂ ಅವಳೇ.

ಆಮೇಲೆ ಒಂದು ವರ್ಷ ಚಂಡಮಾರುತ ಬಂತು. ಮನೆಗಳ ತಗಡು ಹಾರಿದವು, ಟಾಂಟಿಯ ಮರ ಬೀಳಲಿಲ್ಲ. ಆದರೆ ಗೋಡೆ ವಾಲಿತು. ಗೋಡೆಗೆ ಒತ್ತಿ ನೆಟ್ಟ ಸಸಿಯಲ್ಲವೇ, ಅದರ ಬೇರು ಕಲ್ಲಿನ ಸಂದುಸಂದಿಗೂ ಹೊಕ್ಕಿತ್ತು. ಮರ ಗಾಳಿಗೆ ತೂಗಿದಾಗ ಬೇರು ಗೋಡೆಯನ್ನೂ ತೂಗಿಸಿತ್ತು. ಒಂದು ಮಧ್ಯಾಹ್ನ ನನ್ನದೇ ವ್ಯಾನಿನ ಜನ ಒಳಗಿದ್ದಾಗ ಮೇಲಿನ ಕಲ್ಲೊಂದು ಕಳಚಿ, ಒಬ್ಬ ಮುದುಕನ ಟೋಪಿ ಸವರಿಕೊಂಡು ಬಿತ್ತು. ತಲೆ ಉಳಿಯಿತು. ಕಡಲಾಚೆಯಿಂದ ಎಂಜಿನಿಯರ್ ಬಂದ, ತಟ್ಟಿದ, ಕುಟ್ಟಿದ, ಮರ ಇಲ್ಲವೇ ಗೋಡೆ ಎಂದು ಬರೆದು ಕೊಟ್ಟು ಹೋದ.

ಗೋಡೆ ಉಳಿಸಲು ಹೊರದೇಶದವರು ಹಣ ಕೊಟ್ಟಿದ್ದರು. ಮರ ಉಳಿಸಲು ಯಾರೂ ಕೊಟ್ಟಿರಲಿಲ್ಲ.

ಜನೀಲ್ ಹೇಳಲು ಬಂದ ದಿನ ನಾನೂ ಅಲ್ಲಿದ್ದೆ. ಪಾನಕದ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

“ಟಾಂಟಿ, ನಾನು ಎಲ್ಲಾ ನೋಡ್ದೆ. ಊರುಗೋಲು ಕೊಟ್ಟು ಗೋಡೆ ನಿಲ್ಸೋಕಾಗುತ್ತಾ ಅಂತ ಕೇಳ್ದೆ. ಆ ಭಾಗ ಮುಚ್ಚಿಬಿಡೋಣ ಅಂದೆ. ಬೇರು ಗೋಡೆ ಅಡೀಲಿ ಪೂರ್ತಿ ಹೋಗಿದೆಯಂತೆ. ಬಿಟ್ರೆ ನಾಳೆ ಯಾರದ್ದಾದ್ರೂ ಮಗು ಮೇಲೆ ಬೀಳುತ್ತೆ.”

“ಹಾಗಾದ್ರೆ ಕಡೀತೀರಾ.”

“ನನ್ನ ಕೈಲಿ ಏನಿದೆ ಹೇಳು ಟಾಂಟಿ. ಇದು ನನ್ನ ಅಜ್ಜಿ ಕೈಯಾರೆ ಹೂತದ್ದು ಅಂತ ನಂಗೆ ಗೊತ್ತಿಲ್ವಾ?”

ಟಾಂಟಿ ಕೂಗಾಡುತ್ತಾಳೆ ಎಂದು ನಾನು ಕಾದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಗೋಡೆಯನ್ನು, ಮರವನ್ನು, ಮತ್ತೆ ಗೋಡೆಯನ್ನು ನೋಡಿದಳು.

“ಗಾಳಿ ತಾಗ್ಬಾರ್ದು ಅಂತ ನಾನೇ ಗೋಡೆಗೆ ಒತ್ತಿ ನೆಟ್ಟೆ,” ಅಂದಳು. “ನಿನ್ನಜ್ಜಿ ಸ್ವಲ್ಪ ಈಚೆಗೆ ನೆಡು ಅಂದಿದ್ಲು.”

ನನಗೆ ತಡೆಯಲಾಗಲಿಲ್ಲ. ನಾವು ವೋಟು ಹಾಕಿ ಕಳಿಸಿದವನ ಬಳಿ ಹೋದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಆ ತಾಯಿಯ ದುಃಖ ನನ್ನ ದುಃಖ ಅಂದ. ಈಗಿನ ಪಾದ್ರಿಯ ಬಳಿ ಹೋದೆ, ಅವರು ಕಣ್ಣೊರೆಸಿಕೊಂಡರು. ವ್ಯಾನಿನವರು, ಅಂಗಡಿಯವರು, ಕ್ಲಿನಿಕ್ಕಿನ ನರ್ಸು, ಎಲ್ಲರೂ ಅವಳ ಪರ. ಒಬ್ಬನೂ ಕೆಲಸಕ್ಕೆ ಬರುವವನಲ್ಲ, ನಾನೂ ಸೇರಿ. ಎದುರಿಗೆ ಒಬ್ಬ ಕೆಟ್ಟವನಿದ್ದಿದ್ದರೆ ಕಲ್ಲಾದರೂ ಹೊಡೆಯಬಹುದಿತ್ತು. ಕೆಟ್ಟವನೇ ಇರಲಿಲ್ಲ.

ಕೊನೆಗೆ ದಾರಿ ಹುಡುಕಿದವಳೂ ಟಾಂಟಿಯೇ.

“ಮರ ತಗೊಳ್ಳಿ,” ಅಂದಳು ಜನೀಲ್‌ಗೆ. “ಬುಡದ ಮಣ್ಣು ನಂಗೆ ಕೊಡಿ. ಬಳ್ಳಿ ಕರಗಿ ಮಣ್ಣಾಗಿರುತ್ತೆ, ಗೊತ್ತು. ಆ ಮಣ್ಣೇ ಸಾಕು.”

“ಎಲ್ಲಿಗೆ ಒಯ್ತೀಯ ಟಾಂಟಿ? ನಿನ್ನ ಅಂಗಳ…”

“ಅಂಗಳಕ್ಕಲ್ಲ. ಆ ಜಾಗಾನೂ ಯಾರದೋ. ಚರ್ಚಿನ ಹಿತ್ತಿಲಿಗೆ. ನನ್ನ ಮಲಗಿಸೋ ಜಾಗದ ಪಕ್ಕಕ್ಕೆ. ಅಲ್ಲಿಂದ ಯಾರೂ ಯಾರನ್ನೂ ಎತ್ತು ಅನ್ನಲ್ಲ.”

ಪಾದ್ರಿ ಒಪ್ಪಿದರು. ಜನೀಲ್ ಟಾಂಟಿಯ ಎರಡೂ ಕೈ ಹಿಡಿದು, ಬೊಡ್ಡೆ ಕೀಳುವ ದಿನ ನಾನೇ ನಿಂತು ಮಣ್ಣು ತೆಗೆಸಿಕೊಡುತ್ತೇನೆ ಎಂದು ಮಾತು ಕೊಟ್ಟಳು. ಬಡಗಿ ಒಂದು ಪೆಟ್ಟಿಗೆ ಮಾಡಿದ. ಬಿಳಿ ಸೀಡರ್ ಮರದ್ದು, ಚಿಕ್ಕದು. ಎಷ್ಟು ದೊಡ್ಡದಿರಬೇಕು ಎಂದು ಕೇಳಿದ್ದಕ್ಕೆ ಟಾಂಟಿ ಎರಡು ಕೈ ಚಾಚಿ ಹಸುಳೆಯ ಅಳತೆ ತೋರಿಸಿದ್ದಳಂತೆ. ಅವಳ ಮುಖದಲ್ಲಿ ಆ ದಿನಗಳಲ್ಲಿ ಒಂಥರಾ ಗೆಲುವಿತ್ತು. ಇಷ್ಟು ವರ್ಷಗಳ ಮೇಲೆ ಮಗಳಿಗೆ ಮಣ್ಣು ಮಾಡುವ ಭಾಗ್ಯ. ಪಾದ್ರಿಗೆ ಯಾವ ಹಾಡು ಹಾಡಬೇಕೆಂದೂ ಹೇಳಿ ಬಂದಳು. ಸಂಸ್ಕಾರದ ದಿನ ಎಲ್ಲರಿಗೂ ಮೇಕೆ ಸಾರು ಎಂದು ನನ್ನ ಹೆಂಡತಿಗೆ ದೊಡ್ಡ ಪಾತ್ರೆ ಕೇಳಿಟ್ಟಳು.

ಮರ ಕಡಿದ ದಿನ ಅವಳು ಬಂದಳು. ಬುಡಕ್ಕೆ ಹೊಸದಾಗಿ ಸುಣ್ಣ ಬಳಿದಿದ್ದಳು. ಗರಗಸದವರು ಟೋಪಿ ತೆಗೆದು ನಿಂತು ಆಮೇಲೆ ಶುರು ಮಾಡಿದರು. ಹಾಲು ಸುರಿಯಿತು, ದೀವಿಹಲಸಿನ ಬಿಳಿ ಅಂಟು ಹಾಲು. ಟಾಂಟಿ ಸೆರಗಿನಂಥ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೆ ನಿಂತಳು. ಕಾಯಿಗಳನ್ನು ಊರವರಿಗೆ ಹಂಚಿದಳು. ಅಂದು ನಾನು ಕೇಳದೆಯೇ ನನ್ನ ಕೈಗೊಂದು ಇಟ್ಟಳು.

“ಕೂಗ್ಬೇಡ,” ಅಂದಳು.

ಮಿನಾ ನನ್ನನ್ನು ಕೂಗಿಸುತ್ತಿದ್ದದ್ದು ಅವಳಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಬೊಡ್ಡೆ ಕೀಳುವುದು ಮುಂದಿನ ವಾರಕ್ಕೆ ಇತ್ತು. ಅಷ್ಟರಲ್ಲಿ ಜನೀಲ್ ಕಚೇರಿಯ ಕೆಲಸಕ್ಕೆಂದು ಸೇಂಟ್ ಕಿಟ್ಸಿಗೆ ಹೋದಳು, ಸಂಜೆಗೆ ಮರಳಬೇಕಿತ್ತು. ಗಾಳಿ ಎದ್ದಿತು, ದೋಣಿಗಳನ್ನು ನಿಲ್ಲಿಸಿದರು. ಅದೇ ನಡುನೀರು. ಈ ಕಡೆ ಮಳೆ ಹೊಡೆದು ಆಲೆಮನೆಯ ಮುಂದಿನ ಗಾಡಿ ನಿಲ್ಲಿಸುವ ಬಯಲು ಕೆಸರಾಯಿತು. ದೊಡ್ಡ ಹಡಗೊಂದು ಬರುವುದಿತ್ತು. ಗುತ್ತಿಗೆದಾರ ತನ್ನ ಮಣ್ಣೆತ್ತುವ ಯಂತ್ರವನ್ನು ಕಳಿಸಿ, ಬೊಡ್ಡೆ ಕಿತ್ತು ಬಂದ ಮಣ್ಣಿನಿಂದ ಬಯಲಿನ ಗುಂಡಿ ತುಂಬಿ ರೋಲರ್ ಹೊಡೆಸು ಅಂದ. ಒಂದು ಕಲ್ಲಿಗೆ ಎರಡು ಹಕ್ಕಿ. ಜನೀಲ್ ಮಣ್ಣಿನ ವಿಷಯ ಹೇಳಿದ್ದದ್ದು ಮೇಸ್ತ್ರಿಗೆ. ಆ ಮೇಸ್ತ್ರಿ ಜ್ವರ ಬಂದು ಮಲಗಿದ್ದ.

ನಾನು ಬೆಳಿಗ್ಗೆ ಜನರನ್ನು ತುಂಬಿಕೊಂಡು ಗುಡ್ಡ ಹತ್ತಿದಾಗ ಕೊಪ್ಪರಿಗೆ ಮನೆಯ ಮೂಲೆ ಹಲ್ಲು ಕಿತ್ತ ವಸಡಿನ ಹಾಗೆ ಕಾಣಿಸಿತು. ಗುಂಡಿ ಮಾತ್ರ ಇತ್ತು. ತುಂಬಾ ಅಚ್ಚುಕಟ್ಟಾಗಿ ಗೋರಿದ ಗುಂಡಿ, ತಳದಲ್ಲಿ ಬರೀ ಹಳದಿ ಕಲ್ಲು. ಮುಂದಿನ ಬಯಲು ಚಪ್ಪಟೆಯಾಗಿ, ಕಪ್ಪಾಗಿ, ಒದ್ದೆಯಾಗಿ ಮಿರುಗುತ್ತಿತ್ತು. ಯಂತ್ರದವನು ಬಾಸಿಲ್, ಗುಡ್ಡದ ಆ ಮಗ್ಗುಲಿನವನು, ಬ್ರೆಡ್ಡು ಮೀನು ತಿನ್ನುತ್ತಾ ಕೂತಿದ್ದ.

“ಬುಡದ ಮಣ್ಣೆಲ್ಲೋ?” ಅಂದೆ.

“ಅಲ್ಲೇ, ಎಲ್ಲಾ ಹರಡಿದೀನಿ. ಹೇಗೆ ಕೂತಿದೆ ನೋಡು, ಬಸ್ಸು ನಿಂತ್ರೂ ಅಲ್ಲಾಡಲ್ಲ.”

ನಾನು ಹೇಳಿದೆ. ಹೇಳುತ್ತಾ ಹೋದ ಹಾಗೆ ಅವನ ಕೈಯ ಬ್ರೆಡ್ಡು ಕೆಳಗೆ ಬಿತ್ತು.

“ನಂಗೆ ಯಾರೂ ಹೇಳ್ಲಿಲ್ವಲ್ಲೋ ಟೀಸಿ! ದೇವ್ರಾಣೆ ಯಾರೂ ಹೇಳ್ಲಿಲ್ಲ. ನನ್ನ ಬಳ್ಳಿನೂ ಒಂದು ಮಾವಿನ ಬುಡದಲ್ಲಿದೆ ಕಣೋ, ನಾನು ಬೇಕು ಅಂತ ಇಂಥ ಕೆಲಸ ಮಾಡ್ತೀನಾ?”

ಬೇಕೆಂದು ಯಾರು ತಾನೇ ಮಾಡಿದರು. ನಾನು ಪ್ರವಾಸಿಗರನ್ನು ಅಲ್ಲೇ ಬಿಟ್ಟು ಟಾಂಟಿಯ ಮನೆಗೆ ಹೋದೆ. ಪೆಟ್ಟಿಗೆ ಮೇಜಿನ ಮೇಲಿತ್ತು, ಒಳಗೆ ಬಿಳಿ ಬಟ್ಟೆ ಹಾಸಿದ್ದಳು. ನನ್ನ ಮುಖ ನೋಡಿಯೇ ಅವಳು ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಅದನ್ನು ಎತ್ತಿಕೊಂಡು ವ್ಯಾನು ಹತ್ತಿದಳು.

ಬಯಲಿನಂಚಿನಲ್ಲಿ ಇಳಿದವಳು ಬಾಸಿಲ್‌ನನ್ನು ಬೈಯಲಿಲ್ಲ.

“ಮಗಾ, ಬುಡದ ಮಣ್ಣು ಮೊದ್ಲು ಎಲ್ಲಿ ಸುರಿದೆ, ನೆನಪು ಮಾಡ್ಕೋ.”

ಬಾಸಿಲ್ ಗಾಣದ ಕಡೆ ಕೈ ತೋರಿಸಿದ. ಅಲ್ಲ, ಮೊದಲ ಬುಟ್ಟಿ ಗೇಟಿನ ಹತ್ತಿರ ಇರಬೇಕು ಅಂದ. ಆಮೇಲೆ ರೋಲರ್ ಎಳೆದದ್ದು ಹೀಗೆ, ಮತ್ತೆ ಹಾಗೆ. ಕೈ ಗಾಳಿಯಲ್ಲೇ ನಿಂತಿತು. ಅಷ್ಟು ದೊಡ್ಡ ಆಳು ಗೊಳೋ ಎಂದು ಅತ್ತುಬಿಟ್ಟ. ಟಾಂಟಿ ಅವನ ಬೆನ್ನು ಸವರಿ, “ಹೋಗ್ಲಿ ಬಿಡು, ಹೋಗ್ಲಿ ಬಿಡು,” ಅಂದಳು. ಎಲ್ಲಿಂದ ಒಂದು ಹಿಡಿ ಎತ್ತಿಕೊಳ್ಳಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆ ಹಾಗೇ ಮನೆಗೆ ವಾಪಸಾಯಿತು.

ಹೊರಡುವ ಮುನ್ನ ಅವಳು ಬಾಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

“ಯಾಕೆ ಟಾಂಟಿ?”

“ಎಲ್ಲಿದಾಳೆ ಅಂತ ಗೊತ್ತಿದ್ರೆ ಅಲ್ಲೊಂದ್ಕಡೆ ನೋಡ್ಕೊಂಡು ನಡೀತಿದ್ದೆ. ಗೊತ್ತಿಲ್ವಲ್ಲ ಟೀಸಿ. ಎಲ್ಲಾ ಕಡೆ ಮೆಲ್ಲಗೆ ನಡೀಬೇಕು.”

ಜನೀಲ್ ಮರಳಿದ ಮೇಲೆ ಬಯಲಿಗೆ ಅಡ್ಡ ಕಲ್ಲು ಇಡಿಸಿದಳು. ದೊಡ್ಡ ಬಸ್ಸುಗಳಿಗೆ ತಿರುಗಲು ಜಾಗ ಸಾಲದೆ ಮೇಲಿನವರು ತೆಗೆಸಿದರು. ಮತ್ತೆ ಇಡಿಸಿದಳು, ಮತ್ತೆ ತೆಗೆಸಿದರು. ಅವಳು ಈಗ ಟಾಂಟಿಯ ಮುಖ ನೋಡಿ ಮಾತಾಡುವುದಿಲ್ಲ. ಟಾಂಟಿಯೇ ಕರೆದು ಪಾನಕ ಕೊಡುತ್ತಾಳೆ.

ನಾನು ಮಾತ್ರ ವ್ಯಾನನ್ನು ಒಳಗೆ ಒಯ್ಯುವುದಿಲ್ಲ, ರಸ್ತೆಯಲ್ಲೇ ನಿಲ್ಲಿಸುತ್ತೇನೆ. ಬ್ರೇಕು ಸರಿಯಿಲ್ಲ, ಇಳಿಜಾರಿಗೆ ಇಳಿಸಲಾಗದು ಎಂದು ನನ್ನ ಜನಕ್ಕೆ ಹೇಳುತ್ತೇನೆ. ಅವರು ಬಿಸಿಲಿನಲ್ಲಿ ಏದುಸಿರು ಬಿಡುತ್ತಾ ಗೊಣಗುತ್ತಾರೆ. ಉಳಿದ ವ್ಯಾನಿನವರು ಪಕ್ಕದಲ್ಲೇ ಸಾಗುತ್ತಾ, “ಏನೋ ಟೀಸಿ, ಗಿರಾಕಿಗಳನ್ನ ಒಣಮೀನು ಮಾಡ್ತಿದೀಯಲ್ಲೋ!” ಅನ್ನುತ್ತಾರೆ. ಅವರಿಗೂ ವಿಷಯ ಗೊತ್ತು. ಅವರಿಗೂ ಹೊಟ್ಟೆ ಇದೆ. ಒಂದು ವ್ಯಾನು ಹೊರಗೆ ನಿಂತರೆ ಏನಾಯಿತು, ದಿನಕ್ಕೆ ಎಷ್ಟು ಗಾಲಿ ಆ ಮಣ್ಣಿನ ಮೇಲೆ ಉರುಳುತ್ತವೆ ಎಂದು ನನಗೆ ಗೊತ್ತಿಲ್ಲವೇ.

ಟಾಂಟಿ ಈಗ ಹುಣಸೆ ಉಂಡೆ ಮಾರುವುದಿಲ್ಲ. ಹಡಗು ಬಂದ ದಿನಗಳಲ್ಲಿ ಬಯಲಿನ ಬಾಯಲ್ಲಿ ಬರಿಗಾಲಲ್ಲಿ ನಿಂತಿರುತ್ತಾಳೆ. ಬರುವ ಪ್ರತಿ ಗಾಡಿಗೂ ಕೈ ಚಾಚಿ, ಅಂಗೈಯನ್ನು ಕೆಳಗೆ ಮೇಲೆ ಆಡಿಸುತ್ತಾಳೆ. ಮೆಲ್ಲಗೆ, ಮೆಲ್ಲಗೆ ಎಂದು. ಗಾಡಿಗಳು ಮೆಲ್ಲಗಾಗುತ್ತವೆ. ಪ್ರವಾಸಿಗರು ಅವಳನ್ನು ಗಾಡಿ ನಿಲ್ಲಿಸುವ ಜಾಗದ ಕೆಲಸದವಳೆಂದುಕೊಂಡು ಕಿಟಕಿ ಇಳಿಸಿ ಆ ಚಾಚಿದ ಕೈಯಲ್ಲಿ ನಾಣ್ಯ ಇಡುತ್ತಾರೆ. ಅವಳು ಅದನ್ನು ನೋಡುವುದೂ ಇಲ್ಲ. ಗಾಡಿಯ ಗಾಲಿಯನ್ನು ನೋಡುತ್ತಿರುತ್ತಾಳೆ. ಕೈ ತಿರುಗಿಸಿದಾಗ ನಾಣ್ಯ ಮಣ್ಣಿಗೆ ಬೀಳುತ್ತದೆ.

ಮೊನ್ನೆ ನನ್ನ ವ್ಯಾನಿನಿಂದ ಇಳಿದ ಒಬ್ಬಾಕೆ, ಒಳ್ಳೆಯ ಹೆಂಗಸೇ, ಪರ್ಸು ತೆಗೆದು ಕೇಳಿದಳು.

“ಆ ಅಜ್ಜಿಗೆ ಎಷ್ಟು ಕೊಡ್ಬೇಕು?”

“ಏನೂ ಬೇಡಮ್ಮ,” ಅಂದೆ. “ಮೆಲ್ಲಗೆ ನಡೀರಿ, ಸಾಕು.”